ದ್ವಾರಕೆಯಲ್ಲಿ ಅರ್ಜುನನ ಆಯ್ಕೆ

(ಶ್ರೀ ಗುರುರಾಜರ ಆರಾಧನೆಯ ಸಂದರ್ಭದಲ್ಲಿ ನಡೆದ ಉಪನ್ಯಾಸದ ಸಂಗ್ರಹ)



ಶ್ರಾವಣ ಬಹುಳ ಪ್ರತಿಪತ್ತಿನಿಂದ ತೃತೀಯೆಯವರೆಗೆ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಗಳೆಂದು ಮೂರು ದಿನ ಗುರುರಾಜರ ಸೇವೆ ನಡೆಯುತ್ತದೆ. ಪದವಿ ಮುಗಿಸಿದ ನಮ್ಮ ಮಕ್ಕಳು ಮೊದಲ ಉದ್ಯೋಗಕ್ಕೆ ಹೊರಡುವ ಕಾಲವೂ ಹೆಚ್ಚುಕಡಮೆ ಇದೇ. ಆದಕಾರಣ ಈ ದಿನಗಳಲ್ಲಿ ಬೃಂದಾವನದ ಮುಂದೆ ನಿಂತು ಸಲ್ಲಿಸುವ ಪ್ರಾರ್ಥನೆಗಳಲ್ಲಿ ಉದ್ಯೋಗದ ವಿಷಯವೇ ಬಹಳವಾಗಿರುವುದು ಆಶ್ಚರ್ಯವಲ್ಲ. ನಮ್ಮ ತಂದೆಯವರು ಪೂಜೆ ಮಾಡುತ್ತಿದ್ದ ಕಾಲದಲ್ಲಿ "ಹುಡುಗನಿಗೆ ಎಲ್ಲಾದರೂ ಒಂದು ಕೆಲಸ ಆಗಲಿ, ಗುರುಗಳೇ" ಎಂಬ ಮಾತೊಂದೇ ಕೇಳಿಬರುತ್ತಿತ್ತು. ಅದು ಈಗಲೂ ನಿಂತಿಲ್ಲ. ನಿಲ್ಲುವ ಕಾಲವೂ ಬಂದಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಬಗೆಯ ಪ್ರಾರ್ಥನೆಯೂ ಸೇರಿಕೊಂಡಿದೆ. ಕಾಲೇಜಿಗೇ ಬಂದು ಆರಿಸಿಕೊಂಡ ಕಂಪನಿಯ ಪತ್ರ ಒಂದು, ಬ್ಯಾಂಕಿನ ಪರೀಕ್ಷೆ ಬರೆದು ಪಡೆದದ್ದು ಇನ್ನೊಂದು, ಪರಿಚಯಸ್ಥರ ಮೂಲಕ ಊರಿನ ಹತ್ತಿರವೇ ಒದಗಿದ್ದು ಮತ್ತೊಂದು. ಮೂರನ್ನೂ ಕೈಯಲ್ಲಿ ಹಿಡಿದು, ಯಾವುದನ್ನು ಒಪ್ಪಲಿ ಎಂದು ತಿಳಿಯದೆ ತಂದೆತಾಯಿಗಳೊಡನೆ ಬಂದು ನಿಲ್ಲುವ ಮಕ್ಕಳಿದ್ದಾರೆ.

ಇದು ಸುಖದ ಸಂಕಟವಲ್ಲವೇ ಎಂದು ನಗುವವರುಂಟು. ನಾವು ನಗುವುದಿಲ್ಲ. ಒಂದೂ ಇಲ್ಲದವನ ಕಷ್ಟ ದೊಡ್ಡದೆಂಬುದು ನಿಜ. ಆದರೆ ಇಪ್ಪತ್ತೆರಡು ವರ್ಷದ ಹುಡುಗನು ಒಂದು ವಾರದೊಳಗೆ ಕೊಡಬೇಕಾದ ಉತ್ತರವು ಅವನು ಯಾವ ಊರಿನಲ್ಲಿ ಬಾಳಬೇಕು, ಯಾರ ಸಹವಾಸದಲ್ಲಿ ಹಗಲು ಕಳೆಯಬೇಕು, ವಯಸ್ಸಾದ ತಂದೆತಾಯಿಗಳು ಎಷ್ಟು ದೂರದಲ್ಲಿರಬೇಕು ಎಂಬುದನ್ನೆಲ್ಲ ನಿರ್ಣಯಿಸುತ್ತದೆ. ಅದರ ಭಾರ ಅವನ ಮುಖದಲ್ಲಿ ಕಾಣುತ್ತದೆ.

ಈ ಭಾರವನ್ನು ಇಳಿಸಿಕೊಳ್ಳಲು ಬಹಳ ಮಂದಿ ಹಿಡಿಯುವ ಮಾರ್ಗ ಚೀಟಿಯದು. ಮೂರು ಕಾಗದದ ತುಂಡುಗಳಲ್ಲಿ ಮೂರು ಹೆಸರು ಬರೆದು, ಮಡಿಸಿ, ಬೃಂದಾವನದ ಮುಂದಿಟ್ಟು, ಮಂಗಳಾರತಿಯಾದ ಮೇಲೆ ಒಂದು ಎಳೆಯ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುತ್ತಾರೆ. ಹಿರಿಯರಿಂದ ಬಂದ ಪದ್ಧತಿ. ನಾವು ಅದನ್ನು ಹಳಿಯಲಾರೆವು. ಆದರೆ ಒಂದನ್ನು ಕಂಡಿದ್ದೇವೆ. ಎತ್ತಿದ ಚೀಟಿ ಮನಸ್ಸಿಗೆ ಒಗ್ಗದಿದ್ದರೆ "ಮೂರು ಸಲದಲ್ಲಿ ಎರಡು ಸಲ ಬಂದರೆ ಮಾತ್ರ ಪ್ರಸಾದವೆಂದು ತಿಳಿಯೋಣ" ಎಂದು ಪುನಃ ಹಾಕಿಸುವವರಿದ್ದಾರೆ. ಅವರ ಮನಸ್ಸು ಎಲ್ಲಿ ನೆಲೆಸಿದೆ ಎಂಬುದು ಆಗಲೇ ಎಲ್ಲರಿಗೂ ತಿಳಿಯಿತು. ಚೀಟಿಯಿಂದ ಅಷ್ಟು ಪ್ರಯೋಜನವಾಯಿತೆಂದೇ ಹೇಳಬೇಕು!

ಪ್ರಕೃತ ವಿಚಾರಣೀಯವಾದದ್ದು ಇಷ್ಟು. ನಾವು ಅಸ್ವತಂತ್ರರು, ಶ್ರೀಹರಿಯೊಬ್ಬನೇ ಸ್ವತಂತ್ರನು ಎಂಬುದು ನಮ್ಮ ಸಿದ್ಧಾಂತದ ಮೂಲ. ಹೀಗಿರುವಲ್ಲಿ ಆಯ್ಕೆಯ ಭಾರವನ್ನು ನಾವು ಹೊರುವುದೇ ಅಹಂಕಾರವಾಗುವುದಿಲ್ಲವೇ, ಅವನ ಮುಂದೆ ಚೀಟಿಯಿಟ್ಟು ಸುಮ್ಮನಿರುವುದೇ ಸರಿಯಲ್ಲವೇ ಎಂದು ಒಬ್ಬ ತರುಣರು ಕೇಳಿದ್ದರು. ಪ್ರಶ್ನೆ ಚೆನ್ನಾಗಿದೆ. ಉತ್ತರ ಬ್ರಹ್ಮಸೂತ್ರಗಳಲ್ಲಿಯೇ ಇದೆ. ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರ ಬರುತ್ತದೆ. ಜೀವನು ಕರ್ತನೇ ಅಲ್ಲವೆಂದರೆ ಇದನ್ನು ಮಾಡು, ಇದನ್ನು ಬಿಡು ಎಂದು ವಿಧಿಸುವ ಶಾಸ್ತ್ರಕ್ಕೆ ಅರ್ಥವೇ ಉಳಿಯುವುದಿಲ್ಲ. ಕರ್ತನಾದರೂ ಆ ಕರ್ತೃತ್ವ ಹರಿಯ ಅಧೀನವಾದದ್ದು. ಈ ಎರಡೂ ಕೂಡಿ ನಿಲ್ಲುವುದಕ್ಕೆ ಬಡಗಿಯ ದೃಷ್ಟಾಂತವಿದೆ. ಮಾಡಿಸುವ ಯಜಮಾನನ ಅಧೀನದಲ್ಲಿ ಬಡಗಿ ಇರುತ್ತಾನೆ. ಆದರೂ ಉಳಿಯನ್ನು ಹಿಡಿದು ಮರವನ್ನು ಕೆತ್ತುವವನು ಅವನೇ. ಶ್ರೀಮದಾಚಾರ್ಯರು ತಮ್ಮ ಭಾಷ್ಯದಲ್ಲಿ ಜೀವನ ಸ್ಥಿತಿಯನ್ನು ಹೀಗೆಯೇ ನಿರೂಪಿಸಿದ್ದಾರೆ. ಯಜಮಾನನು ಇದ್ದಾನೆಂದು ಬಡಗಿ ಉಳಿಯನ್ನು ಕೆಳಗಿಟ್ಟು ಕೂತರೆ ಬಾಗಿಲು ಆಗುವುದಿಲ್ಲ; ಆಜ್ಞೆಯನ್ನು ಪಾಲಿಸಿದಂತೆಯೂ ಆಗುವುದಿಲ್ಲ. ಬುದ್ಧಿಯೆಂಬುದು ಹರಿಯು ಕೊಟ್ಟ ಉಳಿ. ಅದನ್ನು ಉಪಯೋಗಿಸಿ, ಪತ್ರಗಳನ್ನು ಓದಿ, ತಿಳಿದವರನ್ನು ಕೇಳಿ, ಆ ಬಳಿಕವೂ ಎರಡು ಸಮವಾಗಿಯೇ ತೋರಿದರೆ ಚೀಟಿ ಹಾಕಲಿ. ಬಂದದ್ದನ್ನು ಮರುಮಾತಿಲ್ಲದೆ ಒಪ್ಪಲಿ. ಓದದೆಯೇ ಹಾಕುವ ಚೀಟಿ ಭಕ್ತಿಯಲ್ಲ, ಆಲಸ್ಯ.

ಇನ್ನು ದ್ವಾರಕೆಯ ಪ್ರಸಂಗಕ್ಕೆ ಬರೋಣ. ಮಹಾಭಾರತದಲ್ಲಿ ಅದು ಬರುವುದು ಉದ್ಯೋಗಪರ್ವದಲ್ಲಿ. ಉದ್ಯೋಗವೆಂದರೆ ಅಲ್ಲಿ ನೌಕರಿಯಲ್ಲ, ಯುದ್ಧದ ಸಿದ್ಧತೆ, ಪ್ರಯತ್ನ ಎಂದರ್ಥ. ಆದರೆ ಇಂದಿನ ನಮ್ಮ ವಿಷಯಕ್ಕೆ ಆ ಪರ್ವದ ಆರಂಭವು ಎಷ್ಟು ಹೊಂದುತ್ತದೆಂಬುದನ್ನು ನೋಡಿರಿ.

ಸಹಾಯವನ್ನು ಬೇಡಲು ದುರ್ಯೋಧನನೂ ಅರ್ಜುನನೂ ಒಂದೇ ದಿನ ದ್ವಾರಕೆಗೆ ಬಂದರು. ಶ್ರೀಕೃಷ್ಣನು ಮಲಗಿದ್ದನು. ಮೊದಲು ಬಂದ ದುರ್ಯೋಧನನು ತಲೆಯ ಕಡೆ ಇದ್ದ ಉತ್ತಮ ಆಸನದಲ್ಲಿ ಕುಳಿತನು. ಅನಂತರ ಬಂದ ಅರ್ಜುನನು ಪಾದಗಳ ಬಳಿ ಕೈಮುಗಿದು ನಿಂತನು. ಎಚ್ಚತ್ತ ಭಗವಂತನ ದೃಷ್ಟಿಗೆ ಅರ್ಜುನನೇ ಮೊದಲು ಬಿದ್ದನು. ಒಬ್ಬನು ಮೊದಲು ಬಂದವನು, ಒಬ್ಬನು ಮೊದಲು ಕಾಣಿಸಿದವನು. ಇಬ್ಬರಿಗೂ ಸಹಾಯ ಮಾಡುತ್ತೇನೆ ಎಂದು ಕೃಷ್ಣನು ಎರಡು ಭಾಗ ಮಾಡಿದನು. ಒಂದು ಕಡೆ ಯುದ್ಧದಲ್ಲಿ ಸೋಲರಿಯದ ನಾರಾಯಣರೆಂಬ ಗೋಪಾಲರ ದೊಡ್ಡ ಸೈನ್ಯ. ಇನ್ನೊಂದು ಕಡೆ ಆಯುಧ ಹಿಡಿಯದ, ಯುದ್ಧ ಮಾಡದ ತಾನೊಬ್ಬನೇ. ವಯಸ್ಸಿನಲ್ಲಿ ಕಿರಿಯನಾದವನಿಗೆ ಮೊದಲು ಆರಿಸಿಕೊಳ್ಳುವ ಅಧಿಕಾರವೆಂದು ಹೇಳಿ ಅರ್ಜುನನ ಕಡೆ ತಿರುಗಿದನು. ಅರ್ಜುನನು ಕೃಷ್ಣನನ್ನೇ ವರಿಸಿದನು. ದುರ್ಯೋಧನನಿಗಾದ ಸಂತೋಷ ಅಷ್ಟಿಷ್ಟಲ್ಲ. ಇಡೀ ಸೈನ್ಯ ತನ್ನದಾಯಿತು.

ಇಲ್ಲಿ ಹರಿಕಥೆಗಳಲ್ಲಿ ಸಾಮಾನ್ಯವಾಗಿ ಹೇಳುವ ಮಾತನ್ನು ನೀವೆಲ್ಲರೂ ಬಲ್ಲಿರಿ. ಕೃಷ್ಣನಿದ್ದ ಕಡೆ ಜಯ. ನಾವು ಬೇರೆ ಮೂರು ಸಂಗತಿಗಳ ಕಡೆಗೆ ನಿಮ್ಮ ಲಕ್ಷ್ಯವನ್ನು ಸೆಳೆಯುತ್ತೇವೆ.

ಸರ್ವತಂತ್ರಸ್ವತಂತ್ರನಾದ ಭಗವಂತನೇ ಎದುರಿಗಿದ್ದನು. "ನಿನಗೆ ಇದು" ಎಂದು ತಾನೇ ಕೊಡಬಹುದಾಗಿತ್ತು. ಕೊಡಲಿಲ್ಲ. ಆಯ್ಕೆಯನ್ನು ಕಿರಿಯನ ಕೈಯಲ್ಲಿಟ್ಟು ಕಾದನು. ಮಕ್ಕಳಿಗೆ ಬಂದ ಪತ್ರಗಳನ್ನು ತಾವೇ ತೆರೆದು, ತಾವೇ ನಿರ್ಣಯಿಸಿ, "ಇದಕ್ಕೆ ಒಪ್ಪಿಗೆ ಕಳುಹಿಸು" ಎಂದು ಆಜ್ಞಾಪಿಸುವ ತಂದೆಯವರು ಈ ಪ್ರಸಂಗವನ್ನು ಮತ್ತೊಮ್ಮೆ ಓದಬೇಕೆಂದು ನಮ್ಮ ಪ್ರಾರ್ಥನೆ. ಹಿರಿಯರ ಸಲಹೆ ಬೇಡವೆಂದು ನಾವು ಹೇಳುತ್ತಿಲ್ಲ. ಬೆಳಗ್ಗೆ ಎದ್ದು ಆ ಕೆಲಸಕ್ಕೆ ಹೋಗುವವನು ಮಗನು. ಒಲ್ಲದ ಕೆಲಸದಲ್ಲಿ ಹತ್ತು ವರ್ಷ ಸವೆದವನು ಮನೆಯವರನ್ನು ನೋಡುವ ನೋಟ ಹೇಗಿರುತ್ತದೆಂಬುದನ್ನು ಕೆಲವು ಮನೆಗಳಲ್ಲಿ ಕಂಡಿದ್ದೇವೆ, ಆದ್ದರಿಂದ ಹೇಳಬೇಕಾಯಿತು.

ಎರಡನೆಯದು, ದುರ್ಯೋಧನನು ಹೋದ ಮೇಲೆ ಕೃಷ್ಣನು ಅರ್ಜುನನನ್ನು ಕೇಳುತ್ತಾನೆ, ಯುದ್ಧವನ್ನೇ ಮಾಡದ ನನ್ನನ್ನು ಏಕೆ ವರಿಸಿದೆ ಎಂದು. ಆರಿಸಿದ ಮೇಲೂ ಕಾರಣವನ್ನು ಹೇಳಬೇಕಾಯಿತು ಎಂಬುದನ್ನು ಗಮನಿಸಿರಿ. ತನಗೆ ತಾನೇ ಎರಡು ವಾಕ್ಯಗಳಲ್ಲಿ ಕಾರಣ ಹೇಳಿಕೊಳ್ಳಲಾಗದ ಆಯ್ಕೆಯನ್ನು ಇನ್ನೂ ಮಾಡಿಲ್ಲವೆಂದೇ ತಿಳಿಯಬೇಕು. "ಎಲ್ಲರೂ ಅಲ್ಲಿಗೇ ಹೋಗುತ್ತಿದ್ದಾರೆ" ಎಂಬುದು ಕಾರಣವಲ್ಲ. ಜೀವಜೀವರಿಗೆ ಭೇದವುಂಟೆಂದು, ಯೋಗ್ಯತೆಯಲ್ಲಿ ಒಬ್ಬನಂತೆ ಇನ್ನೊಬ್ಬನಿಲ್ಲವೆಂದು ಪಂಚಭೇದವನ್ನು ಪಾಠ ಮಾಡುವವರು ನಾವು. ಮನೆಯೊಳಗೆ ಮಾತ್ರ ಪಕ್ಕದ ಮನೆಯ ಹುಡುಗನ ಸಂಬಳವೇ ಅಳತೆಗೋಲು! ಇದು ಯಾವ ಸಿದ್ಧಾಂತವೋ ತಿಳಿಯದು.

ಮೂರನೆಯದು ಅರ್ಜುನನು ಕೊಟ್ಟ ಉತ್ತರದಲ್ಲಿದೆ. ಕೃಷ್ಣನು ತನಗೆ ಸಾರಥಿಯಾಗಬೇಕೆಂಬುದು ಅವನ ಬಹುಕಾಲದ ಬಯಕೆ. ಬಿಲ್ಲು ಅವನಲ್ಲಿತ್ತು, ಬಾಣಗಳಿದ್ದವು, ಕೈಯಲ್ಲಿ ಬಲವಿತ್ತು. ಇಲ್ಲದ್ದು ರಥವನ್ನು ನಡೆಸುವವನು. ಎದುರಿಗಿಟ್ಟ ಎರಡರಲ್ಲಿ ಯಾವುದು ದೊಡ್ಡದೆಂದು ಅವನು ಎಣಿಸಲಿಲ್ಲ. ತನ್ನಲ್ಲಿ ಏನಿಲ್ಲವೆಂಬುದು ಅವನಿಗೆ ಮೊದಲೇ ತಿಳಿದಿತ್ತು. ದುರ್ಯೋಧನನಲ್ಲಿ ಸೈನ್ಯ ಆಗಲೇ ಇತ್ತು, ಅವನು ಇನ್ನಷ್ಟು ಸೈನ್ಯವನ್ನೇ ಪಡೆದನು.

ನಮ್ಮ ಮಕ್ಕಳಿಗೆ ಇದನ್ನು ಅನ್ವಯಿಸಿದರೆ ಹೀಗಾಗುತ್ತದೆ. ಮೊದಲ ಕೆಲಸದಲ್ಲಿ ಅವನಿಗೆ ಅತ್ಯವಶ್ಯವಾದದ್ದು ಯಾವುದು? ಒಬ್ಬನಿಗೆ ಹಣ. ತಂಗಿಯ ಓದು ನಡೆಯಬೇಕು, ತನ್ನ ಓದಿಗಾಗಿ ಮಾಡಿದ ಬ್ಯಾಂಕಿನ ಸಾಲ ತೀರಬೇಕು. ಅಂಥವನು ಹೆಚ್ಚು ಸಂಬಳದ ಕಡೆ ಹೋದರೆ ಆಸೆಬುರುಕನೆಂದು ಯಾರೂ ಹೇಳಕೂಡದು; ಅದು ಕುಟುಂಬಭರಣ, ಗೃಹಸ್ಥಾಶ್ರಮಕ್ಕೆ ಸೇರುವ ಮೊದಲೇ ಬಂದ ಗೃಹಸ್ಥಧರ್ಮ. ಇನ್ನೊಬ್ಬನ ಮನೆಯಲ್ಲಿ ಹಣದ ತಾಪತ್ರಯವಿಲ್ಲ. ಅವನಿಗೆ ಬೇಕಾದದ್ದು ಕೆಲಸವನ್ನು ಕಲಿಸಿಕೊಡುವ ಹಿರಿಯನೊಬ್ಬನು, ಅಂದರೆ ಸಾರಥಿ. ಯಾರ ಕೈಕೆಳಗೆ ಕೆಲಸ ಮಾಡಬೇಕಾಗುತ್ತದೆಂಬುದನ್ನು ಪತ್ರದಲ್ಲಿ ಬರೆದಿರುವುದಿಲ್ಲ. ಅಲ್ಲಿ ಎರಡು ಮೂರು ವರ್ಷದಿಂದ ದುಡಿಯುತ್ತಿರುವ ಇಬ್ಬರನ್ನು ಹುಡುಕಿ ಕೇಳಬೇಕು. ಮತ್ತೊಬ್ಬನ ತಾಯಿಗೆ ಕಾಯಿಲೆ. ಅವನಿಗೆ ಊರಿನ ಹತ್ತಿರದ ಕೆಲಸವೇ ಸೈನ್ಯಕ್ಕಿಂತ ಮಿಗಿಲು.

ಶ್ರೇಯಸ್ಸು, ಪ್ರೇಯಸ್ಸು ಎಂಬ ಕಾಠಕೋಪನಿಷತ್ತಿನ ವಿಭಾಗವನ್ನು ಈ ಸಂದರ್ಭದಲ್ಲಿ ಎತ್ತಿ ಹೇಳುವ ವಾಡಿಕೆಯುಂಟು. ಯಮನು ಆನೆ ಕುದುರೆ, ಬಂಗಾರ, ದೀರ್ಘಾಯುಸ್ಸುಗಳನ್ನು ಒಡ್ಡಿದರೂ ನಚಿಕೇತನು ತನ್ನ ಮೂರನೆಯ ವರವನ್ನು ಬಿಟ್ಟುಕೊಡಲಿಲ್ಲ. ಕಥೆ ದೊಡ್ಡದು. ಆದರೆ ಅದನ್ನು ಹೇಳಿ, ಕಡಿಮೆ ಸಂಬಳದ ಕೆಲಸವೇ ಶ್ರೇಯಸ್ಸು, ಹೆಚ್ಚು ಸಂಬಳದ್ದೆಲ್ಲ ಪ್ರೇಯಸ್ಸು ಎಂದು ಹುಡುಗರನ್ನು ಹೆದರಿಸುವುದು ಸರಿಯಲ್ಲ. ನಚಿಕೇತನು ಕೇಳಿದ್ದು ತತ್ತ್ವಜ್ಞಾನವನ್ನು. ನಮ್ಮ ಹುಡುಗನ ಕೈಯಲ್ಲಿರುವ ಮೂರು ಪತ್ರಗಳೂ ಅನ್ನದ ಪತ್ರಗಳೇ.

ಆ ಪತ್ರಗಳನ್ನು ಓದುವ ಬಗೆಯನ್ನು ಕುರಿತು ಎರಡು ಮಾತು. ಮಠದ ಉಪನ್ಯಾಸದಲ್ಲಿ ಇದೇಕೆ ಎನ್ನಬಾರದು. ಪ್ರಮಾಣವನ್ನು ಪರೀಕ್ಷಿಸದೆ ಪ್ರಮೇಯಕ್ಕೆ ಹೋಗಬಾರದೆಂಬುದು ನಮಗೆ ಪಾಠಶಾಲೆಯಲ್ಲಿ ಕಲಿಸಿದ ಮೊದಲ ಪಾಠ. ಪತ್ರದಲ್ಲಿ ವರ್ಷಕ್ಕೆ ಇಷ್ಟು ಲಕ್ಷವೆಂದು ಬರೆದ ಮೊತ್ತವು ಕೈಗೆ ಬರುವ ಸಂಬಳವಲ್ಲ. ಅದನ್ನು ಸಿ.ಟಿ.ಸಿ. ಎನ್ನುತ್ತಾರೆ, ನೌಕರನ ಸಲುವಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚವೆಂದು ಅದರ ಅರ್ಥ. ಲೆಕ್ಕ ಬಲ್ಲ ಭಕ್ತರೊಬ್ಬರು ನಮಗೆ ಒಂದು ಮಾದರಿಯನ್ನು ಬಿಡಿಸಿ ತೋರಿಸಿದರು. 6,00,000 ರೂಪಾಯಿಯ ಪತ್ರದಲ್ಲಿ 60,000 ಕೆಲಸದ ಫಲವನ್ನು ನೋಡಿ ಕೊಡುವ ಭಾಗ, ಅದು ಬಂದರೆ ಬಂತು. ಮೂಲವೇತನ 3,00,000 ಎಂದಾದರೆ ಭವಿಷ್ಯನಿಧಿಗೆ ಕಂಪನಿಯ ಪಾಲು ನೂರಕ್ಕೆ 12ರಂತೆ 36,000. ಗ್ರಾಚ್ಯುಯಿಟಿಯ ಲೆಕ್ಕಕ್ಕೆ ಸುಮಾರು 14,400. ವಿಮೆಗೆ ಒಂದು 10,000. ಇವೆಲ್ಲ ಕಳೆದು, ಹುಡುಗನ ಸ್ವಂತ ಪಾಲಿನ ಭವಿಷ್ಯನಿಧಿ ತಿಂಗಳಿಗೆ 3,000, ವೃತ್ತಿತೆರಿಗೆ 200 ಹೋದರೆ, ಐವತ್ತು ಸಾವಿರವೆಂದು ಎಣಿಸಿದ್ದವನ ಕೈಗೆ ಬರುವುದು 37,000ಕ್ಕೂ ಕಡಿಮೆ. ಮೋಸವೇನಿಲ್ಲ, ಎಲ್ಲವೂ ಪತ್ರದಲ್ಲಿಯೇ ಸಣ್ಣ ಅಕ್ಷರದಲ್ಲಿರುತ್ತದೆ. ಬೆಂಗಳೂರಿನ ಆರು ಲಕ್ಷವನ್ನೂ ಸ್ವಂತ ಮನೆಯಿರುವ ಊರಿನ ನಾಲ್ಕು ಲಕ್ಷವನ್ನೂ ತೂಗುವಾಗ ಬಾಡಿಗೆ, ಮುಂಗಡ, ಊಟ, ಓಡಾಟಗಳನ್ನು ಕಳೆದು ತೂಗಬೇಕು.

ಸ್ಥಿರವಾದ ಕೆಲಸ ಎಂಬುದೊಂದು ಮಾತು ಹಿರಿಯರ ಬಾಯಲ್ಲಿ ಪದೇ ಪದೇ ಬರುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಕಡೆಯ ನಮ್ಮ ಜನಕ್ಕೆ ಸ್ಥಿರವೆಂದರೆ ಬ್ಯಾಂಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿಯೇ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಎಷ್ಟು ಮನೆಗಳು ಅವುಗಳಿಂದ ಉದ್ಧಾರವಾದವೆಂಬುದಕ್ಕೆ ಲೆಕ್ಕವಿಲ್ಲ. ಅವುಗಳಲ್ಲಿ ಮೂರರ ಹೆಸರಿನ ಫಲಕ ಈಗ ಎಲ್ಲಿಯೂ ಇಲ್ಲ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದೊಡನೆ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನೊಡನೆ ಸೇರಿಹೋದವು. ನೌಕರರ ಕೆಲಸ ಹೋಗಲಿಲ್ಲ, ನಿಜ. ಆದರೆ ಸಂಸ್ಥೆಯ ಹೆಸರನ್ನು ನೋಡಿ ನಲವತ್ತು ವರ್ಷದ ಭವಿಷ್ಯವನ್ನು ಎಣಿಸುವುದು ಸಲ್ಲದೆಂಬುದಕ್ಕೆ ನಮ್ಮ ಊರಿನಲ್ಲೇ ಸಾಕ್ಷಿಯಿದೆ. ಹೊಸ ಕಾಲದ ಕಂಪನಿಗಳ ವಿಷಯದಲ್ಲಂತೂ ಹೇಳಬೇಕಾಗಿಯೇ ಇಲ್ಲ. 2022 ಮತ್ತು 2023ರಲ್ಲಿ ಹೆಸರಾಂತ ಐ.ಟಿ. ಸಂಸ್ಥೆಗಳು ಕೆಲವು ನೇಮಕದ ಪತ್ರವನ್ನು ಕೊಟ್ಟೂ ತಿಂಗಳುಗಟ್ಟಲೆ ಹುಡುಗರನ್ನು ಕರೆಯದೆ ಕಾಯಿಸಿದ್ದವು.

ಇನ್ನು ಯಾರಲ್ಲಿ ಕೆಲಸ ಎಂಬ ಪ್ರಶ್ನೆ. ಇದು ಸಂಬಳದ ಪ್ರಶ್ನೆಗಿಂತ ಗಹನವಾದದ್ದೆಂದು ನಮ್ಮ ಅಭಿಪ್ರಾಯ. ದ್ರೋಣಾಚಾರ್ಯರ ಕಥೆಯನ್ನು ನೆನೆಯಿರಿ. ಮಗನಿಗೆ ಹಾಲಿಲ್ಲದೆ ಹಿಟ್ಟು ಕದಡಿದ ನೀರನ್ನು ಕುಡಿದ ಮನೆ ಅದು. ಗೆಳೆಯನಾದ ದ್ರುಪದನಲ್ಲಿಗೆ ಹೋಗಿ ಅವಮಾನಿತರಾಗಿ, ಹಸ್ತಿನಾವತಿಗೆ ಬಂದಾಗ ಭೀಷ್ಮರು ಗೌರವದಿಂದ ಕರೆದು ರಾಜಕುಮಾರರಿಗೆ ಗುರುವಾಗಿ ನಿಯಮಿಸಿದರು. ಅನ್ನ, ಮಾನ, ವಿದ್ಯೆಗೆ ತಕ್ಕ ಕೆಲಸ, ಮೂರೂ ದೊರೆತವು. ಆ ದಿನ ಅದನ್ನು ತಪ್ಪು ಆಯ್ಕೆಯೆಂದು ಯಾರು ಹೇಳಿಯಾರು? ತಪ್ಪು ಕಾಣಿಸಿದ್ದು ದ್ಯೂತಸಭೆಯಲ್ಲಿ. ದ್ರೌಪದಿಯನ್ನು ಎಳೆತಂದಾಗ ದ್ರೋಣರು ಬಾಯಿ ತೆರೆಯಲಿಲ್ಲ. ಯುದ್ಧದ ಮುಂಜಾನೆ ಆಶೀರ್ವಾದ ಬೇಡಲು ಬಂದ ಧರ್ಮರಾಜನೆದುರು ಭೀಷ್ಮರೂ ದ್ರೋಣರೂ ತಮ್ಮನ್ನು ಕಟ್ಟಿಹಾಕಿರುವುದು ಕೌರವನ ಅರ್ಥವೇ ಎಂದು ಒಪ್ಪಿಕೊಂಡರು. ಅದೇ ಅರಮನೆಯ ಅನ್ನವನ್ನು ಉಂಡ ವಿದುರನಾದರೋ ಹೇಳಬೇಕಾದ್ದನ್ನು ಸಭೆಯಲ್ಲಿಯೇ ಹೇಳಿದನು. ಆದ್ದರಿಂದ ದೋಷ ಸಂಬಳದ್ದೆಂದು ಹೇಳಲಾಗದು. ತಪ್ಪು ನಡೆದಾಗ "ಇದು ಸರಿಯಲ್ಲ" ಎಂದು ಹೇಳುವಷ್ಟು ಬಿಡುವನ್ನು ತನ್ನಲ್ಲಿ ಉಳಿಸಿಕೊಂಡಿರಬೇಕು. ಸಾಲದ ಮೇಲೆ ಸಾಲ ಮಾಡಿ, ಮೊದಲ ಸಂಬಳದಲ್ಲಿಯೇ ವಾಹನ, ಎರಡನೆಯ ವರ್ಷ ಮನೆ ಎಂದು ಕಂತುಗಳಲ್ಲಿ ಸಿಕ್ಕಿಕೊಂಡವನಿಗೆ ಆ ಬಿಡುವು ಇರುವುದಿಲ್ಲ.

ಸಂಸ್ಥೆಯು ಏನನ್ನು ಮಾರುತ್ತದೆಂಬುದನ್ನೂ ನೋಡಬೇಕು. ಕೆಲವು ವರ್ಷಗಳ ಹಿಂದೆ ಹಣ ಕಟ್ಟಿ ಮೊಬೈಲಿನಲ್ಲಿ ಆಡುವ ಆಟಗಳ ಕಂಪನಿಗಳು ಬೆಂಗಳೂರಿನಲ್ಲಿಯೂ ಹೊಸ ಇಂಜಿನಿಯರುಗಳಿಗೆ ಕೈತುಂಬ ಸಂಬಳವನ್ನು ಕೊಡುತ್ತಿದ್ದವು. ಅದು ಆಟ, ಜೂಜಲ್ಲ ಎಂಬುದು ಅವುಗಳ ವಾದ. 2025ರ ಆಗಸ್ಟಿನಲ್ಲಿ ಹಣ ಪಣಕ್ಕಿಡುವ ಅಂಥ ಆಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು ಮಾಡಿತು. ಹಲವು ಕಂಪನಿಗಳು ಆ ವ್ಯವಹಾರವನ್ನು ಮುಚ್ಚಿ ನೌಕರರನ್ನು ಕಳುಹಿಸಿದವು. ಶಾಸನ ಬಾರದೆ ಇದ್ದಿದ್ದರೂ ಧರ್ಮರಾಜನ ಪಗಡೆಯ ಕಥೆಯನ್ನು ಕೇಳಿ ಬೆಳೆದ ಮಕ್ಕಳಿಗೆ ಅನುಮಾನ ಹುಟ್ಟಬೇಕಾಗಿತ್ತು. ಊರಿನ ಎಷ್ಟು ಮನೆಗಳ ದುಡ್ಡು ಅಲ್ಲಿ ಕರಗಿತೆಂಬುದನ್ನು ಬಲ್ಲವರು ಬಲ್ಲರು.

ಕೊಟ್ಟ ಮಾತಿನ ವಿಷಯ ಬಹಳ ಸೂಕ್ಷ್ಮವಾದದ್ದು. ಒಂದು ಕಡೆ ಒಪ್ಪಿಗೆಯ ಸಹಿ ಹಾಕಿ, ಇನ್ನೂ ಒಳ್ಳೆಯದು ಬಂದೀತೆಂದು ಎರಡನೆಯ, ಮೂರನೆಯ ಕಡೆಯೂ ಸಹಿ ಹಾಕಿ, ಸೇರಬೇಕಾದ ದಿನ ಎರಡು ಕಡೆ ಹೇಳದೆ ಕೇಳದೆ ಉಳಿದುಬಿಡುವ ಪದ್ಧತಿ ಬೆಳೆಯುತ್ತಿದೆ. "ಕಂಪನಿಗಳು ನಮ್ಮನ್ನು ಕಾಯಿಸಲಿಲ್ಲವೇ, ಕೈಬಿಡಲಿಲ್ಲವೇ?" ಎಂದು ಕೇಳುತ್ತಾರೆ. ಕೈಬಿಟ್ಟಿದ್ದಾರೆ. ಕೈಬಿಟ್ಟ ಆ ಸಂಸ್ಥೆಯ ಮಟ್ಟಿಗೆ ಹುಡುಗನು ಋಣಮುಕ್ತನೇ. ಆದರೆ ಒಬ್ಬನ ಅಸತ್ಯವು ಮತ್ತೊಬ್ಬನಿಗೆ ನುಡಿದ ನಮ್ಮ ಅಸತ್ಯವನ್ನು ಸತ್ಯವಾಗಿಸುವುದಿಲ್ಲ. ಅಲ್ಲದೆ ಕಾಲೇಜಿನ ನೇಮಕಾತಿಯಲ್ಲಿ ಒಬ್ಬನು ಮೂರು ಸ್ಥಾನಗಳನ್ನು ಹಿಡಿದುಕೊಂಡರೆ ಪಕ್ಕದ ಬೆಂಚಿನ ಇಬ್ಬರಿಗೆ ಅವು ತಪ್ಪಿಹೋಗುತ್ತವೆ. ಒಬ್ಬ ವಿದ್ಯಾರ್ಥಿಗೆ ಒಂದೇ ನೇಮಕವೆಂದು ಹಲವು ಕಾಲೇಜುಗಳು ನಿಯಮ ಮಾಡಿರುವುದು ಇದಕ್ಕಾಗಿಯೇ. ನಮ್ಮ ಅಭಿಪ್ರಾಯ ಹೀಗಿದೆ. ಸಹಿ ಹಾಕುವ ಮೊದಲು ಎಷ್ಟು ದಿನ ಬೇಕಾದರೂ ಅವಕಾಶ ಕೇಳಲಿ. ಕೇಳಿದರೆ ಅನೇಕರು ಕೊಡುತ್ತಾರೆ, ಹುಡುಗರು ಕೇಳಲು ಸಂಕೋಚಪಡುತ್ತಾರೆ ಅಷ್ಟೆ. ಸಹಿ ಹಾಕಿದ ಮೇಲೆ, ಮನೆಯ ಪರಿಸ್ಥಿತಿಯೇ ಬದಲಾಗಿ ಬಿಡಲೇಬೇಕಾದರೆ, ನಿರ್ಣಯಿಸಿದ ದಿನವೇ ತಿಳಿಸಿ ಕ್ಷಮೆ ಕೇಳಲಿ. ಇಷ್ಟು ವರ್ಷ ಬಿಡುವುದಿಲ್ಲವೆಂದು ಕರಾರು ಬರೆದುಕೊಟ್ಟಿದ್ದರೆ ಅದು ಬರಿಯ ಕಾಗದವೆಂದು ತಿಳಿಯುವಂತಿಲ್ಲ. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ನಿಬಂಧನೆಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. 1872ರ ಕರಾರು ಕಾಯಿದೆಗೆ ಅದು ವಿರುದ್ಧವಲ್ಲವೆಂದು ಹೇಳಿತು.

ಸಂಧ್ಯಾವಂದನೆ, ಏಕಾದಶಿಗಳ ವಿಷಯವನ್ನು ಕೇಳುವವರಿಗೆ ಸಂಕ್ಷೇಪವಾಗಿ ಹೇಳುತ್ತೇವೆ. ಉಳಿದೆಲ್ಲ ಸಮವಾಗಿರುವಾಗ ಪ್ರಾತಃಕಾಲವನ್ನು ನಮಗೆ ಬಿಟ್ಟುಕೊಡುವ ಕೆಲಸವನ್ನು ಆರಿಸಬೇಕು. ಪರದೇಶದ ಗಡಿಯಾರಕ್ಕೆ ಸರಿಯಾಗಿ ರಾತ್ರಿಯಿಡೀ ದುಡಿಸುವ ಕೆಲಸವನ್ನು ಬೇರೆ ದಾರಿಯಿಲ್ಲದವನು ಒಪ್ಪಿಕೊಂಡರೆ, ಕಾಲಾತಿಕ್ರಮಕ್ಕೆ ಪ್ರಾಯಶ್ಚಿತ್ತಾರ್ಘ್ಯವನ್ನು ಶಾಸ್ತ್ರವೇ ವಿಧಿಸಿದೆ. ಬಿಟ್ಟೇಬಿಡುವುದಕ್ಕೆ ಅದು ನೆಪವಾಗದಿರಲಿ.

ಆರಾಧನೆಯ ಈ ದಿನಗಳಲ್ಲಿ ಮಂಚಾಲೆಯ ಕಥೆಯನ್ನು ಹೇಳದೆ ಇರಲಾಗದು. ಆದವಾನಿಯ ನವಾಬನು ರಾಯರ ಮಹಿಮೆಯನ್ನು ಕಂಡು ಭೂಮಿಯನ್ನು ಅರ್ಪಿಸಲು ಮುಂದಾದಾಗ, ಗುರುಗಳು ಕೇಳಿದ್ದು ತುಂಗಭದ್ರೆಯ ದಡದ ಮಂಚಾಲೆ ಗ್ರಾಮವನ್ನು. ಅದು ಒಣನೆಲ; ಅದಕ್ಕಿಂತ ಫಲವತ್ತಾದ, ಹುಟ್ಟುವಳಿಯುಳ್ಳ ಗ್ರಾಮವನ್ನು ಕೊಡುತ್ತೇನೆಂದು ನವಾಬನು ಹೇಳಿದನಂತೆ. ರಾಯರು ಒಪ್ಪಲಿಲ್ಲ. ಪ್ರಹ್ಲಾದರಾಜರು ಯಜ್ಞ ಮಾಡಿದ ಸ್ಥಳವದು ಎಂಬುದು ಅವರಿಗೆ ತಿಳಿದಿತ್ತು, ಕೊಡುವವನಿಗೆ ತಿಳಿದಿರಲಿಲ್ಲ. 1671ರಲ್ಲಿ ಅಲ್ಲಿಯೇ ಅವರು ಬೃಂದಾವನವನ್ನು ಪ್ರವೇಶಿಸಿದರು. ಮಲ್ಪೆಯ ಕಡಲತೀರದಲ್ಲಿ ಹಡಗನ್ನು ಉಳಿಸಿಕೊಟ್ಟ ಶ್ರೀಮದಾಚಾರ್ಯರಿಗೆ ನಾವಿಕನು ಬೇಕಾದ್ದನ್ನು ಕೇಳಬಹುದೆಂದಾಗ, ಅವರು ಗೋಪೀಚಂದನದ ಗಡ್ಡೆಯನ್ನು ಆರಿಸಿದ್ದೂ ಇದೇ ಬಗೆಯದು. ಮಹಾತ್ಮರಿಗೆ ಒಳಗಿದ್ದ ಕೃಷ್ಣನು ಕಾಣಿಸಿದನು. ನಮಗೆ ಒಳಗಿರುವುದು ಕಾಣದು. ಆದ್ದರಿಂದಲೇ ವಿಚಾರಿಸಬೇಕಾಗಿದೆ, ಕೇಳಬೇಕಾಗಿದೆ.

ರಾಯರ ಪೂರ್ವಾಶ್ರಮದ ಇನ್ನೊಂದು ಸಂಗತಿ ಬಡತನದ ಮನೆಯ ಹುಡುಗರಿಗೆ ಹೆಚ್ಚು ಉಪಯುಕ್ತ. ಶ್ರೀಸುಧೀಂದ್ರತೀರ್ಥರು ಪೀಠವನ್ನು ಸ್ವೀಕರಿಸೆಂದಾಗ ವೇಂಕಟನಾಥರು ಮೊದಲು ಒಪ್ಪಲಿಲ್ಲ. ಹೆಂಡತಿ ಚಿಕ್ಕವಳು, ಮಗ ಲಕ್ಷ್ಮೀನಾರಾಯಣನಿಗೆ ಉಪನಯನವೂ ಆಗಿಲ್ಲ. ಸರ್ವಜ್ಞರಂಥ ಗುರುಗಳು ಕೊಟ್ಟದ್ದನ್ನೂ ಸಂಸಾರದ ಹೊಣೆಯನ್ನು ನೆನೆದು ಹಿಂದೆಗೆದವರು ಅವರು. ಆಮೇಲೆ ವಿದ್ಯಾದೇವತೆಯ ಪ್ರೇರಣೆಯಾಗಿ ಮನಸ್ಸು ನಿಂತ ಬಳಿಕವೂ ಮಗನ ಉಪನಯನವನ್ನು ಮುಗಿಸಿಯೇ 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸವನ್ನು ಸ್ವೀಕರಿಸಿದರು. ಸದ್ಯಕ್ಕೆ ಆಗದೆಂದು ವಿನಯದಿಂದ ಹೇಳುವುದು ಅಪರಾಧವಲ್ಲ.

ಪುರೋಹಿತರ ಮನೆಗಳ ಮಕ್ಕಳನ್ನು ಕುರಿತೂ ಹೇಳಲೇಬೇಕು, ಅದು ನಮ್ಮದೇ ವಿಷಯ. ನಮ್ಮೊಡನೆ ಪಾಠಶಾಲೆಯಲ್ಲಿ ಓದಿದವರಲ್ಲಿ ಕೆಲವರು ಅಮೆರಿಕದ ದೇವಾಲಯಗಳಲ್ಲಿ ಅರ್ಚಕರಾಗಿದ್ದಾರೆ, ಕೆಲವರು ಶಾಲೆಗಳಲ್ಲಿ ಸಂಸ್ಕೃತ ಹೇಳುತ್ತಿದ್ದಾರೆ, ಕೆಲವರು ತಂದೆಯ ಗುಡಿಯಲ್ಲಿಯೇ ನಿಂತಿದ್ದಾರೆ. ಮೂರು ಬಗೆಯವರಲ್ಲಿಯೂ ಸುಖಿಗಳಿದ್ದಾರೆ, ಮೂರರಲ್ಲಿಯೂ ಕೊರಗುವವರಿದ್ದಾರೆ. ಅಮೆರಿಕಕ್ಕೆ ಅರ್ಚಕರಾಗಿ ಹೋಗುವವರಿಗೆ ಆರ್-1 ಎಂಬ ವೀಸಾ. ಮೊದಲು ಎರಡೂವರೆ ವರ್ಷದವರೆಗೆ, ಒಟ್ಟು ಐದು ವರ್ಷ ಮೀರದಂತೆ ಕೊಡುತ್ತಾರೆ. ಆ ಬಳಿಕದ ದಾರಿಯೇನೆಂದು, ವಾಸಕ್ಕೆ ಮನೆ ಯಾರದೆಂದು, ವಾರಕ್ಕೆ ಬಿಡುವು ಎಷ್ಟೆಂದು ಬರಹದಲ್ಲಿ ಪಡೆಯದೆ ಹೊರಡಬಾರದು. ಊರಿನ ಗುಡಿಯಲ್ಲಿ ದೀಪ ಹಚ್ಚುವವರು ಯಾರು ಎಂಬ ಪ್ರಶ್ನೆಯನ್ನು ಹುಡುಗನೊಬ್ಬನ ತಲೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ಹೊತ್ತಿಗೆ ತಕ್ಕ ದಕ್ಷಿಣೆಯನ್ನು ಕೊಡದೆ, ಅರ್ಚಕನ ಮಗನು ನಗರಕ್ಕೆ ಹೋದನೆಂದು ಜಗುಲಿಯಲ್ಲಿ ಕೂತು ನಿಟ್ಟುಸಿರಿಡುವ ಭಕ್ತಮಹಾಶಯರೂ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರೇ.

ಹೆಣ್ಣುಮಕ್ಕಳಿಗೆ ಬಂದ ಪತ್ರವನ್ನು "ಸಂಬಂಧ ಗೊತ್ತಾಗಲಿ, ಆಮೇಲೆ ನೋಡೋಣ" ಎಂದು ಕಪಾಟಿನಲ್ಲಿಡುವ ಮನೆಗಳು ಇನ್ನೂ ಇವೆ. ಪತ್ರಕ್ಕೆ ಉತ್ತರ ಕೊಡಬೇಕಾದ ದಿನ ಮೀರಿದರೆ ಅದು ಮತ್ತೆ ಬರುವುದಿಲ್ಲ. ಸಂಬಂಧವು ಮುಂದಿನ ತಿಂಗಳೂ ಬಂದೀತು. ಓದಿಸಿದ್ದೇಕೆ ಎಂದು ಮಗಳು ಕೇಳಿದರೆ ಕೊಡಲು ಉತ್ತರವಿರಲಿ.

ಹೀಗೆಲ್ಲ ವಿಚಾರಿಸಿ ಒಂದನ್ನು ಒಪ್ಪಿದ ಮೇಲೆ, ಬಿಟ್ಟದ್ದೇ ಲೇಸಾಗಿತ್ತೇನೋ ಎಂಬ ಚಿಂತೆ ಅನೇಕರನ್ನು ವರ್ಷಗಟ್ಟಲೆ ಕಾಡುತ್ತದೆ. ಫಲವು ಸ್ವಭಾವದ ಯೋಗ್ಯತೆ, ಪೂರ್ವಕರ್ಮ, ಪ್ರಯತ್ನ ಎಂಬ ಮೂರರಿಂದ, ಅವೂ ಹರಿಯ ಅಧೀನವಾಗಿಯೇ, ಒದಗುತ್ತದೆಂಬುದು ಆಚಾರ್ಯರ ನಿರ್ಣಯ. ಯೋಗ್ಯತೆಗೆ ಹಠವೆಂಬ ಪಾರಿಭಾಷಿಕ ಹೆಸರೂ ಉಂಟು. ಈ ಮೂರರಲ್ಲಿ ನಮ್ಮ ಕೈಗೆ ಕಾಣುವುದು ಪ್ರಯತ್ನವೊಂದೇ, ಅದನ್ನು ಮಾಡಿಯಾಗಿದೆ. ಬಿಟ್ಟ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡು ಆಗಾಗ ತೆಗೆದು ನೋಡುವ ಅಭ್ಯಾಸ ಬೇಡ. ವಿನಯದ ಎರಡು ಸಾಲು ಬರೆದು ಅವರಿಗೆ ಕಳುಹಿಸಿ, ಹರಿದು ಹಾಕಿರಿ. ಕೆಲಸಕ್ಕೆ ಸೇರುವ ದಿನ ಬೆಳಗ್ಗೆ ಮನೆಯ ದೇವರಿಗೂ ಹಿರಿಯರಿಗೂ ನಮಸ್ಕರಿಸಿ ಹೊರಡುವುದು. ಮೊದಲ ಸಂಬಳ ಬಂದಾಗ ಮಠಕ್ಕೆ ಬಂದು ಹಸ್ತೋದಕಕ್ಕೆ ತಮ್ಮ ಶಕ್ತ್ಯನುಸಾರ ಸಲ್ಲಿಸಬೇಕೆಂದಿರುವವರು ಕಚೇರಿಯಲ್ಲಿ ಮುಂಚಿತವಾಗಿ ತಿಳಿಸಿದರೆ ಅಡಿಗೆಯವರಿಗೆ ಅನುಕೂಲ.

॥ ಶ್ರೀಕೃಷ್ಣಾರ್ಪಣಮಸ್ತು ॥